ಆಟಿಕೆಯೋ ಅಸಲಿಯೋ: ಕೋವಿಯ ಬೀಗದ ಕೈ ಯಾರ ಬಳಿ?

2014ರ ನವೆಂಬರ್ 22, ಶನಿವಾರ. ಅಮೆರಿಕದ ಓಹಿಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಉದ್ಯಾನವೊಂದರಲ್ಲಿ ಟಮೀರ್ ರೈಸ್ ಎಂಬ 12 ವರ್ಷದ ಬಾಲಕ ಪಿಸ್ತೂಲೊಂದನ್ನು ಹಿಡಿದು ಅಡ್ಡಾಡುತ್ತಿದ್ದ. ಅದು ಪ್ಲಾಸ್ಟಿಕ್ ಗುಂಡು ಹಾರಿಸುವ, ‘ಏರ್‌ಸಾಫ್ಟ್’ ಎಂದು ಕರೆಯಲಾಗುವ ಆಟಿಕೆ. ಆದರೆ ನೋಟಕ್ಕೆ ಅಸಲಿ ಪಿಸ್ತೂಲಿನ ತದ್ರೂಪು. ಆಟಿಕೆಯೆಂದು ತಿಳಿಸುವುದಕ್ಕಾಗಿ ನಳಿಗೆಯ ತುದಿಯಲ್ಲಿ ಇರಬೇಕಾದ ಕಿತ್ತಳೆ ಬಣ್ಣದ ತುಂಡು ಅದರಲ್ಲಿರಲಿಲ್ಲ. ಉದ್ಯಾನದಲ್ಲಿದ್ದ ಒಬ್ಬರು ತುರ್ತು ದೂರವಾಣಿಗೆ ಕರೆ ಮಾಡಿ ವಿಷಯ ತಿಳಿಸಿದರು. ಪಿಸ್ತೂಲು ಬಹುಶಃ ನಕಲಿ ಇರಬೇಕು, ಹಿಡಿದಿರುವವನು ಬಹುಶಃ ಬಾಲಕ ಎಂಬುದನ್ನೂ ಅವರು ಹೇಳಿದ್ದರು. ಈ ಎರಡು ‘ಬಹುಶಃ’ಗಳು ಸ್ಥಳಕ್ಕೆ ಧಾವಿಸಿದ ಪೊಲೀಸರಿಗೆ ತಲುಪಲೇ ಇಲ್ಲ. ಪೊಲೀಸ್ ಕಾರು ಹುಡುಗನ ಸಮೀಪಕ್ಕೇ ಬಂದು ನಿಂತಿತು. ಕಾರಿನಿಂದಿಳಿದ ಅಧಿಕಾರಿ ಸುಮಾರು ಎರಡು ಸೆಕೆಂಡುಗಳಲ್ಲಿ ಗುಂಡು ಹಾರಿಸಿದ. ಬಾಲಕ ಮರುದಿನ ಅಸುನೀಗಿದ.

2015ರ ಡಿಸೆಂಬರಿನಲ್ಲಿ ಗ್ರ್ಯಾಂಡ್ ಜ್ಯೂರಿ ಆ ಅಧಿಕಾರಿಯ ಮೇಲೆ ದೋಷಾರೋಪ ಹೊರಿಸಲು ನಿರಾಕರಿಸಿತು. 2016ರಲ್ಲಿ ನಗರಾಡಳಿತ ಕುಟುಂಬಕ್ಕೆ 60 ಲಕ್ಷ ಡಾಲರ್ ಕೊಡಲು ಒಪ್ಪಿ ಮೊಕದ್ದಮೆಯನ್ನು ಇತ್ಯರ್ಥ ಮಾಡಿಕೊಂಡಿತು. ಇದಕ್ಕೆ ಒಂದು ವರ್ಷ ಮೊದಲು, 2013ರ ಅಕ್ಟೋಬರಿನಲ್ಲಿ, ಕ್ಯಾಲಿಫೋರ್ನಿಯಾದ ಸಾಂತಾ ರೋಸಾದಲ್ಲಿ 13 ವರ್ಷದ ಆಂಡಿ ಲೋಪೆಜ್ ಕೂಡ ಇದೇ ರೀತಿ ಸತ್ತಿದ್ದ. ಅವನ ಕೈಯಲ್ಲಿದ್ದುದು ಎಕೆ-47 ಹೋಲುವ ಆಟಿಕೆ.

ಕ್ಲೀವ್‌ಲ್ಯಾಂಡಿನ ಘಟನೆಯನ್ನು ಜನಾಂಗದ ಪ್ರಶ್ನೆಯಿಂದ ಬೇರ್ಪಡಿಸಿ ನೋಡಲಾಗದು. ಟಮೀರ್ ಕಪ್ಪು ಬಾಲಕನಾಗಿದ್ದ. ಒಂದೇ ಆಟಿಕೆ ಎಲ್ಲ ಮಕ್ಕಳ ಕೈಯಲ್ಲೂ ಒಂದೇ ಪ್ರಮಾಣದ ಅಪಾಯವಲ್ಲ ಎಂಬುದನ್ನು ಅಮೆರಿಕದ ಕಪ್ಪು ತಾಯಂದಿರು ಬಲು ಹಿಂದೆಯೇ ಅರಿತಿದ್ದಾರೆ. ಆ ಮಾತನ್ನು ಒಪ್ಪಿಕೊಂಡ ಮೇಲೂ ಇನ್ನೊಂದು ಮಾತು ಉಳಿಯುತ್ತದೆ. ಆ ಬಾಲಕನ ಕೈಗೂ ಆ ಪೊಲೀಸ್ ಅಧಿಕಾರಿಯ ಕೈಗೂ ನಡುವೆ ಎಷ್ಟು ಮಂದಿ ವಯಸ್ಕರಿದ್ದರು! ಅಸಲಿಯನ್ನು ಪಡಿಯಚ್ಚಿಳಿಸಿದ ತಯಾರಕ, ಮಾರಿದ ಅಂಗಡಿಕಾರ, ಅರ್ಧ ಮಾಹಿತಿಯನ್ನಷ್ಟೇ ರವಾನಿಸಿದ ನಿಯಂತ್ರಣ ಕೊಠಡಿ, ಹತ್ತಿರಕ್ಕೇ ಕಾರು ನುಗ್ಗಿಸಿದ ಚಾಲಕ. ಈ ಸಾಲಿನಲ್ಲಿ ಯಾರೊಬ್ಬರು ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದರೂ ಹುಡುಗ ಅಂದು ಸಂಜೆ ಮನೆಗೆ ಹೋಗುತ್ತಿದ್ದ. ಘಟನೆಯ ನಂತರ ಅನೇಕರು ಕೇಳಿದ ಪ್ರಶ್ನೆ ಮಾತ್ರ ಬೇರೆಯೇ: ‘ಅವನೇಕೆ ಅದನ್ನು ಹಿಡಿದು ಓಡಾಡಬೇಕಿತ್ತು?’ ಮಗು ಆಟಿಕೆಯೊಡನೆ ಆಡಿದ್ದಕ್ಕೆ ಕಾರಣ ಕೇಳುವ ಸಮಾಜ ವಿಚಿತ್ರವಾದದ್ದು.

ಕಿತ್ತಳೆ ತುದಿಯ ಕಥೆಯೂ ತಿಳಿಯಬೇಕಾದದ್ದೇ. 1987ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನ ಟಿ.ವಿ. ಸ್ಟುಡಿಯೊ ಒಂದಕ್ಕೆ ನುಗ್ಗಿದ ವ್ಯಕ್ತಿಯೊಬ್ಬ ನೇರ ಪ್ರಸಾರದಲ್ಲಿದ್ದ ಗ್ರಾಹಕ ವರದಿಗಾರ ಡೇವಿಡ್ ಹೊರೊವಿಟ್ಜ್ ಅವರ ಬೆನ್ನಿಗೆ ಪಿಸ್ತೂಲು ಹಿಡಿದು ತನ್ನ ಬರಹವನ್ನು ಓದಿಸಿದ. ಕೊನೆಗೆ ನೋಡಿದರೆ ಅದು ಆಟಿಕೆ. ಆ ಬಳಿಕ ಹೊರೊವಿಟ್ಜ್ ಅಸಲಿಯಂತೆ ಕಾಣುವ ಆಟಿಕೆ ಬಂದೂಕುಗಳ ವಿರುದ್ಧ ಅಭಿಯಾನವನ್ನೇ ನಡೆಸಿದರು. 1988ರಲ್ಲಿ ಅಮೆರಿಕದ ಕಾಂಗ್ರೆಸ್ ಆಟಿಕೆ ಬಂದೂಕಿನ ನಳಿಗೆಗೆ ಎದ್ದುಕಾಣುವ ಕಿತ್ತಳೆ ಗುರುತು ಕಡ್ಡಾಯಗೊಳಿಸಿತು. ವಾಯುಒತ್ತಡದಿಂದ ಚರೆ ಹಾರಿಸುವ ಸಾಂಪ್ರದಾಯಿಕ ಏರ್‌ಗನ್‌ಗಳಿಗೆ ಅದರಿಂದ ವಿನಾಯಿತಿಯೂ ದೊರೆಯಿತು. ಕಾನೂನು ಮಾಡುವವರು ಕಡಿಮೆ ಖರ್ಚಿನ ಉಪಾಯವನ್ನು ಆರಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ತುದಿಯ ತುಂಡು ಮುರಿದುಹೋಗುತ್ತದೆ, ಕಳಚಿ ಬೀಳುತ್ತದೆ, ಇಲ್ಲವೇ ‘ಅಸಲಿಯಂತೆ ಕಾಣಲಿ’ ಎಂದು ಹುಡುಗರೇ ಅದಕ್ಕೆ ಕಪ್ಪು ಬಣ್ಣ ಬಳಿಯುತ್ತಾರೆ.

ಬ್ರಿಟನ್ ಹಿಡಿದ ದಾರಿ ಇದಕ್ಕಿಂತ ಗಟ್ಟಿ. 2006ರ ಹಿಂಸಾಪರಾಧ ತಗ್ಗಿಸುವ ಕಾಯ್ದೆಯ ಮೂಲಕ ಅಲ್ಲಿ ಅಸಲಿಯಂತೆ ಕಾಣುವ ನಕಲಿ ಬಂದೂಕಿನ ತಯಾರಿಕೆ, ಆಮದು, ಮಾರಾಟವನ್ನೇ ಅಪರಾಧವಾಗಿಸಲಾಯಿತು. ನಾಟಕ, ಸಿನಿಮಾ, ವಸ್ತುಸಂಗ್ರಹಾಲಯ ಮೊದಲಾದವುಗಳಿಗೆ ಮಾತ್ರ ವಿನಾಯಿತಿ. ಇಡೀ ಆಟಿಕೆ ಕೆಂಪು, ಹಳದಿ, ಹಸಿರು, ಗುಲಾಬಿಯಂಥ ಗಾಢ ಬಣ್ಣದಲ್ಲಿದ್ದರೆ ಅಥವಾ ಪಾರದರ್ಶಕವಾಗಿದ್ದರೆ ತೊಂದರೆಯಿಲ್ಲ. 18 ವರ್ಷದೊಳಗಿನವರಿಗೆ ಯಾವುದೇ ನಕಲಿ ಬಂದೂಕನ್ನು ಮಾರುವಂತಿಲ್ಲ. ಆಂಡಿ ಲೋಪೆಜ್ ಸಾವಿನ ಬಳಿಕ ಕ್ಯಾಲಿಫೋರ್ನಿಯಾ ಕೂಡ ಇದೇ ದಿಕ್ಕಿನಲ್ಲಿ ಹೆಜ್ಜೆ ಇಟ್ಟು, 2016ರಿಂದ ಬಣ್ಣದ ನಿಯಮವನ್ನು ಬಿಗಿಗೊಳಿಸಿತು. ಆಟಿಕೆಯನ್ನು ಅಸಲಿಯಂತೆ ಮಾಡುವುದರ ಲಾಭ ತಯಾರಕನಿಗೆ. ಅದರಿಂದಾಗುವ ಗೊಂದಲದ ಬೆಲೆ ತೆರುವವರು ಬೇರೆಯವರು. ಅರ್ಥಶಾಸ್ತ್ರದಲ್ಲಿ ಇದನ್ನು ‘ಬಾಹ್ಯ ವೆಚ್ಚ’ ಎನ್ನುತ್ತೇವೆ. ಕಾರ್ಖಾನೆಯ ಹೊಗೆಯ ಬಗ್ಗೆ ಪಾಠ ಮಾಡುವಾಗ ಬಳಸುವ ಈ ಪದ ಆಟಿಕೆಯ ಅಂಗಡಿಗೂ ಅನ್ವಯಿಸುತ್ತದೆ.

ಇಷ್ಟು ಹೊತ್ತು ಹೇಳಿದ್ದು ಆಟಿಕೆಯನ್ನು ಅಸಲಿ ಎಂದು ವಯಸ್ಕರು ಭ್ರಮಿಸುವ ಅಪಾಯ. ಇದಕ್ಕಿಂತ ದೊಡ್ಡದು ಇದರ ವಿರುದ್ಧ ದಿಕ್ಕಿನದು: ಅಸಲಿಯನ್ನು ಆಟಿಕೆ ಎಂದು ಮಕ್ಕಳು ಭ್ರಮಿಸುವುದು. 2001ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ನಿಯತಕಾಲಿಕದಲ್ಲಿ ಅಟ್ಲಾಂಟಾದ ಸಂಶೋಧಕರು ಒಂದು ಪ್ರಯೋಗದ ವಿವರವನ್ನು ಪ್ರಕಟಿಸಿದರು. 8ರಿಂದ 12 ವರ್ಷದ 64 ಹುಡುಗರನ್ನು ಇಬ್ಬರು, ಮೂವರ ಗುಂಪುಗಳಾಗಿ ಒಂದು ಕೋಣೆಯಲ್ಲಿ ಆಡಲು ಬಿಟ್ಟರು. ಡ್ರಾಯರಿನಲ್ಲಿ ಒಂದು ಅಸಲಿ ಪಿಸ್ತೂಲು ಇತ್ತು. ಗುಂಡು ಹಾರದಂತೆ ಅದನ್ನು ನಿಷ್ಕ್ರಿಯಗೊಳಿಸಲಾಗಿತ್ತಾದರೂ ಕುದುರೆ ಎಳೆದರೆ ಗೊತ್ತಾಗುವ ವ್ಯವಸ್ಥೆಯಿತ್ತು. 48 ಹುಡುಗರು ಪಿಸ್ತೂಲನ್ನು ಪತ್ತೆ ಮಾಡಿದರು, 30 ಮಂದಿ ಕೈಗೆತ್ತಿಕೊಂಡರು, 16 ಮಂದಿ ಕುದುರೆ ಎಳೆದರು. ಪತ್ತೆ ಮಾಡಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಅದನ್ನು ಆಟಿಕೆ ಎಂದುಕೊಂಡಿದ್ದರು ಅಥವಾ ಅಸಲಿಯೋ ನಕಲಿಯೋ ಎಂಬ ಅನುಮಾನದಲ್ಲಿದ್ದರು.

ಈ ಪ್ರಯೋಗದ ಇನ್ನೊಂದು ಅಂಶ ಹೆಚ್ಚು ಕಳವಳಕಾರಿ. ಪಿಸ್ತೂಲನ್ನು ಮುಟ್ಟಿದ ಹುಡುಗರಲ್ಲಿ ಶೇ 90ಕ್ಕೂ ಹೆಚ್ಚು ಮಂದಿಗೆ ಬಂದೂಕಿನ ಸುರಕ್ಷತೆಯ ಬಗ್ಗೆ ಹಿಂದೆಯೇ ಯಾರಾದರೂ ತಿಳಿಹೇಳಿದ್ದರು. ‘ನಮ್ಮ ಮಗನಿಗೆ ಚೆನ್ನಾಗಿ ಹೇಳಿಕೊಟ್ಟಿದ್ದೇವೆ, ಅವನು ಮುಟ್ಟುವುದಿಲ್ಲ’ ಎಂಬ ತಂದೆತಾಯಿಯ ವಿಶ್ವಾಸಕ್ಕೆ ಇಲ್ಲಿ ಆಧಾರ ಸಿಗುವುದಿಲ್ಲ. ಬುದ್ಧಿವಾದ ಬೇಡವೆಂದಲ್ಲ. ಬುದ್ಧಿವಾದವನ್ನು ಬೀಗದ ಬದಲಿಗೆ ಬಳಸಲಾಗದು, ಅಷ್ಟೆ.

ಇದೆಲ್ಲ ಅಮೆರಿಕದ ರೋಗ, ನಮ್ಮಲ್ಲಿ ಬಂದೂಕುಗಳೇ ಕಡಿಮೆ ಎಂದು ಓದುಗರು ಹೇಳಬಹುದು. ಪ್ರಮಾಣದ ಮಟ್ಟಿಗೆ ಅದು ನಿಜ. ಅಲ್ಲಿ 2020ರಲ್ಲಿ 1ರಿಂದ 19 ವರ್ಷದವರ ಸಾವಿನ ಕಾರಣಗಳಲ್ಲಿ ಬಂದೂಕು ರಸ್ತೆ ಅಪಘಾತವನ್ನೂ ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂತು. ನಮ್ಮ ಪರಿಸ್ಥಿತಿ ಅದರ ಹತ್ತಿರವೂ ಇಲ್ಲ. ಆದರೆ ಒಂದು ಮನೆಯ ಗೋಡೆಗೆ ನೇತುಹಾಕಿದ ಒಂದು ಕೋವಿಯ ಅಪಾಯ ದೇಶದಲ್ಲಿರುವ ಒಟ್ಟು ಕೋವಿಗಳ ಸಂಖ್ಯೆಯನ್ನು ಅವಲಂಬಿಸಿರುವುದಿಲ್ಲ. 2025ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ 15 ವರ್ಷದ ಹುಡುಗನ ಕೈಗೆ ಸಿಕ್ಕ ಕೋವಿಯಿಂದ ಗುಂಡು ಸಿಡಿದು 4 ವರ್ಷದ ಮಗು ಸತ್ತಿತು, ತಾಯಿ ಗಾಯಗೊಂಡಳು. ಹೊಟ್ಟೆಪಾಡಿಗಾಗಿ ಪಶ್ಚಿಮ ಬಂಗಾಳದಿಂದ ಬಂದಿದ್ದ ಕುಟುಂಬವದು. ಕೋವಿ ಕಳ್ಳಮಾಲಲ್ಲ, ಪರವಾನಗಿ ಇದ್ದದ್ದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನಲ್ಲಿ ಮಂಗಗಳನ್ನು ಓಡಿಸಲು ಇಟ್ಟಿದ್ದ ಏರ್‌ಗನ್ ಸಿಡಿದು 9 ವರ್ಷದ ಬಾಲಕನೊಬ್ಬ ಪ್ರಾಣ ಕಳೆದುಕೊಂಡ. 2024ರ ಜುಲೈ ಕೊನೆಯಲ್ಲಿ ಬಿಹಾರದ ಸುಪೌಲ್ ಜಿಲ್ಲೆಯಲ್ಲಿ ನರ್ಸರಿಯ 5 ವರ್ಷದ ಮಗು ಶಾಲಾ ಚೀಲದಲ್ಲಿ ಪಿಸ್ತೂಲು ತಂದು 10 ವರ್ಷದ ಹುಡುಗನ ಕೈಗೆ ಗುಂಡು ಹಾರಿಸಿತ್ತು. ಇನ್ನೂ ಹಿಂದೆ, 2007ರ ಡಿಸೆಂಬರಿನಲ್ಲಿ, ಗುಡಗಾಂವಿನ ಶಾಲೆಯೊಂದರಲ್ಲಿ ಎಂಟನೇ ತರಗತಿಯ ಇಬ್ಬರು ಹುಡುಗರು ಸಹಪಾಠಿಯನ್ನು ಕೊಂದಾಗ ಬಳಕೆಯಾದದ್ದು ಅವರಲ್ಲೊಬ್ಬನ ತಂದೆಯ ಪಿಸ್ತೂಲು.

ಏರ್‌ಗನ್ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ನಳಿಗೆ ಹಾಗೂ 20 ಜೂಲ್ ಶಕ್ತಿಯ ಮಿತಿಯೊಳಗಿನ ಏರ್‌ಗನ್‌ಗೆ ಪರವಾನಗಿ ಬೇಕಿಲ್ಲ. ಪರವಾನಗಿ ಬೇಡ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದು ಜನ ಅರ್ಥ ಮಾಡಿಕೊಂಡಿದ್ದಾರೆ. ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ಅದು ಕೊಡೆಯ ಪಕ್ಕದಲ್ಲಿ ಮೂಲೆಗೆ ಒರಗಿರುತ್ತದೆ. ಮಂಗಗಳ ಹಾವಳಿಯಿಂದ ಬೆಳೆಗಾರರು ಬೇಸತ್ತಿರುವುದು ನಿಜ. ಅವರ ಕಷ್ಟವನ್ನು ನಗರದಲ್ಲಿ ಕುಳಿತು ಹಗುರವಾಗಿ ಕಾಣುವುದು ಸಲ್ಲದು. ಆದರೆ ಹತ್ತಿರದಿಂದ ಸಿಡಿದ ಚರೆ ಮಂಗಕ್ಕೂ ಮಗುವಿಗೂ ವ್ಯತ್ಯಾಸ ಎಣಿಸುವುದಿಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ? 1959ರ ಶಸ್ತ್ರಾಸ್ತ್ರ ಕಾಯ್ದೆಯ ಒಂಬತ್ತನೇ ಕಲಮು 21 ವರ್ಷ ತುಂಬದವರು ಬಂದೂಕು ಹೊಂದುವುದನ್ನು ನಿಷೇಧಿಸುತ್ತದೆ. ತರಬೇತಿಗೆ ಮಾತ್ರ ಷರತ್ತುಬದ್ಧ ವಿನಾಯಿತಿಯಿದೆ. ಆರನೇ ಕಲಮು ನಕಲಿ ಬಂದೂಕನ್ನು ಅಸಲಿಯಾಗಿ ಮಾರ್ಪಡಿಸುವುದಕ್ಕೆ ಪರವಾನಗಿ ಕಡ್ಡಾಯ ಮಾಡುತ್ತದೆ. ಗುಂಡು ಹಾರಲಿ ಬಿಡಲಿ, ಬಂದೂಕಿನಂತೆ ಕಾಣುವ ಯಾವ ವಸ್ತುವೂ ನಕಲಿ ಬಂದೂಕೇ ಎಂಬ ವ್ಯಾಖ್ಯೆಯೂ ಅಲ್ಲಿದೆ. ಅಂದರೆ ತೋರಿಕೆಯಲ್ಲೇ ಅಪಾಯವಿದೆ ಎಂಬುದು ನಮ್ಮ ಶಾಸಕರಿಗೆ ಅಂದೇ ಹೊಳೆದಿತ್ತು. ಇನ್ನು ಮನೆಯಲ್ಲಿಡುವ ಬಗೆ. ಬಂದೂಕನ್ನು ಬೀಗ ಹಾಕಿದ ಸುರಕ್ಷಿತ ಜಾಗದಲ್ಲಿ, ಅನ್ಯರ ಕೈಗೆ ಸಿಗದಂತೆ ಇಡುತ್ತೇನೆಂದು 2016ರ ನಿಯಮಗಳು ಅರ್ಜಿದಾರನಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತವೆ. ಅಮೆರಿಕದ ಸುಪ್ರೀಂ ಕೋರ್ಟ್ 2008ರಲ್ಲಿ, ವಾಷಿಂಗ್ಟನ್ ನಗರದಲ್ಲಿ ಬಂದೂಕನ್ನು ಬಿಚ್ಚಿ ಅಥವಾ ಕುದುರೆಗೆ ಬೀಗ ಹಾಕಿ ಇಡಬೇಕೆಂಬ ನಿಯಮವನ್ನು ಆತ್ಮರಕ್ಷಣೆಗೆ ಅಡ್ಡಿಯೆಂದು ರದ್ದು ಮಾಡಿತ್ತು. ಅಪಘಾತ ತಡೆಯುವ ಇತರ ನಿಯಮಗಳಿಗೆ ಬಾಧೆಯಿಲ್ಲ ಎಂದು ಸೇರಿಸಿತ್ತಾದರೂ ಅಲ್ಲಿ ಇಂಥ ಪ್ರತಿಯೊಂದು ನಿಯಮಕ್ಕೂ ವ್ಯಾಜ್ಯ ತಪ್ಪಿದ್ದಲ್ಲ. ನಮಗೆ ಆ ತೊಡಕಿಲ್ಲ. ಅವರು ಹೋರಾಡಿ ಪಡೆಯಬೇಕಾದದ್ದನ್ನು ನಾವು ಬರೆಸಿಕೊಂಡು ಕಡತದಲ್ಲಿ ಮಲಗಿಸಿದ್ದೇವೆ.

ಕಡತದ ಮಾತು ಬಂದದ್ದರಿಂದ ಹೇಳುತ್ತೇನೆ. ನಾನು ಜಿಲ್ಲಾಡಳಿತದಲ್ಲಿದ್ದ ವರ್ಷಗಳಲ್ಲಿ ಬೆಳೆ ರಕ್ಷಣೆಯ ಕೋವಿಗಾಗಿ ಬಂದ ಅರ್ಜಿಗಳನ್ನು ಕಟ್ಟುಗಟ್ಟಲೆ ನೋಡಿದ್ದೇನೆ. ಪಹಣಿ, ಜಮೀನಿನ ವಿಸ್ತೀರ್ಣ, ಕಾಡಿನ ಅಂಚು ಎಷ್ಟು ದೂರ, ಅರ್ಜಿದಾರನ ನಡತೆ, ಅವನ ಮೇಲಿರುವ ಮೊಕದ್ದಮೆ, ಹೀಗೆ ತಹಶೀಲ್ದಾರರ ವರದಿಯಲ್ಲೂ ಪೊಲೀಸ್ ವರದಿಯಲ್ಲೂ ಎಲ್ಲವೂ ಇರುತ್ತಿದ್ದವು. ಆ ಮನೆಯಲ್ಲಿ ಮಕ್ಕಳಿದ್ದಾರೆಯೇ, ಕೋವಿಯನ್ನು ಎಲ್ಲಿಡುತ್ತಾರೆ, ತೋಟಾಗಳನ್ನು ಎಲ್ಲಿಡುತ್ತಾರೆ ಎಂಬ ಸಾಲು ಮಾತ್ರ ಕಂಡ ನೆನಪಿಲ್ಲ. ಚುನಾವಣೆ ಘೋಷಣೆಯಾದೊಡನೆ ಇದೇ ಕೋವಿಗಳನ್ನು ಠಾಣೆಗಳಲ್ಲಿ ಠೇವಣಿ ಇಡಿಸುತ್ತೇವೆ. ಪಟ್ಟಿ ಮಾಡಿ, ರಸೀದಿ ಕೊಟ್ಟು, ಬೀಗ ಹಾಕಿ, ಮತ ಎಣಿಕೆ ಮುಗಿದ ಮೇಲೆ ಹಿಂದಿರುಗಿಸುತ್ತೇವೆ. ಮತಪೆಟ್ಟಿಗೆಯನ್ನು ಕೋವಿಯಿಂದ ರಕ್ಷಿಸಲು ಇಷ್ಟು ಶಿಸ್ತು ತೋರಬಲ್ಲ ಆಡಳಿತಕ್ಕೆ ಮಗುವನ್ನು ರಕ್ಷಿಸುವುದು ಸಾಮರ್ಥ್ಯ ಮೀರಿದ ಕೆಲಸವೇನಲ್ಲ.

ಉಲ್ಲಂಘನೆಗೆ ಇರುವ ಶಿಕ್ಷೆಯನ್ನೂ ನೋಡಿ. ಪರವಾನಗಿಯ ಷರತ್ತು ಮುರಿದರೆ ಕಾಯ್ದೆಯ 30ನೇ ಕಲಮಿನ ಪ್ರಕಾರ ಆರು ತಿಂಗಳವರೆಗಿನ ಸಜೆ ಅಥವಾ 2,000 ರೂಪಾಯಿವರೆಗಿನ ದಂಡ ಅಥವಾ ಎರಡೂ. 2019ರ ತಿದ್ದುಪಡಿಯಲ್ಲಿ ಮದುವೆ ಮೆರವಣಿಗೆಯ ಸಂಭ್ರಮದ ಗುಂಡಿಗೆ ಎರಡು ವರ್ಷದ ಸಜೆ, ಒಂದು ಲಕ್ಷ ರೂಪಾಯಿ ದಂಡದವರೆಗೆ ಅವಕಾಶ ಕಲ್ಪಿಸಲಾಯಿತು. ಅದು ಸರಿಯಾದ ಕ್ರಮವೇ. ಮಗುವಿನ ಕೈಗೆಟಕುವಂತೆ ತುಂಬಿದ ಕೋವಿ ಇಟ್ಟವನಿಗೆ ಮಾತ್ರ, ಯಾರಾದರೂ ಸಾಯುವವರೆಗೆ, ಹಳೆಯ ಎರಡು ಸಾವಿರವೇ ಗತಿ. ಸತ್ತ ಮೇಲೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಇದೆ. ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಸಜೆ. ಶವಸಂಸ್ಕಾರದ ಬಳಿಕ ಎಚ್ಚರಗೊಳ್ಳುವ ಕಾನೂನು ಇದು.

ಕೊಡಗಿನ ಪ್ರಸ್ತಾಪವಿಲ್ಲದೆ ಕರ್ನಾಟಕದಲ್ಲಿ ಕೋವಿಯ ಚರ್ಚೆ ಪೂರ್ಣವಾಗದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ರಾಜ್ಯದ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ಎತ್ತಿಹಿಡಿಯಿತು. ಅಲ್ಲಿ ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿಯಿತ್ತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ಕೋವಿಯನ್ನು ಹಿರಿಯರು ಇಳಿಸಿಕೊಡುವ, ಹಿರಿಯರ ಎದುರೇ ಹಿಡಿಯುವ ಸಂಪ್ರದಾಯದಲ್ಲಿ ಬೆಳೆದ ಮಗುವಿಗೆ ಅದು ಆಟಿಕೆಯಲ್ಲ ಎಂಬ ತಿಳಿವಳಿಕೆ ಎಳವೆಯಲ್ಲೇ ಬರುತ್ತದೆ. ಹಾಗೆಂದು ಪೂಜೆಯೇ ರಕ್ಷಣೆ ಎಂದು ನಂಬುವಂತಿಲ್ಲ. ಈಗ ಎಷ್ಟೋ ಐನ್‌ಮನೆಗಳಲ್ಲಿ ಹಿರಿಯರಿಬ್ಬರೇ ಉಳಿದಿದ್ದಾರೆ, ಮೊಮ್ಮಕ್ಕಳು ಬೆಂಗಳೂರಿನಿಂದ ರಜೆಗೆ ಬರುವವರು. ಅವರು ಕೋವಿಯನ್ನು ಕಂಡಿರುವುದು ಕಂಪ್ಯೂಟರ್ ಆಟದಲ್ಲಿ.

ಮಕ್ಕಳು ಯುದ್ಧದ ಆಟ ಆಡಲೇಬಾರದು ಎನ್ನುವವರ ಪಕ್ಷ ನನ್ನದಲ್ಲ. ಬಿದಿರಿನ ಬಿಲ್ಲು, ಮರದ ಕತ್ತಿ, ದೀಪಾವಳಿಯ ಕೇಪಿನ ಪಿಸ್ತೂಲು ಹಿಡಿದು ಬೆಳೆದ ನಮ್ಮ ತಲೆಮಾರು ಕೊಲೆಗಡುಕರ ತಲೆಮಾರೇನೂ ಆಗಲಿಲ್ಲ. ಆದರೆ ಅಂದಿನ ತಗಡಿನ ಪಿಸ್ತೂಲನ್ನು ಹತ್ತು ಮಾರು ದೂರದಿಂದಲೇ ಆಟಿಕೆ ಎನ್ನಬಹುದಿತ್ತು. ಇಂದು ಜಾತ್ರೆಯ ಅಂಗಡಿಯಲ್ಲೂ ಆನ್‌ಲೈನ್ ಮಳಿಗೆಯಲ್ಲೂ ಸಿಗುವ ಕಪ್ಪು ಪಿಸ್ತೂಲು ಹಾಗಲ್ಲ. ಆಟಿಕೆ ಪಿಸ್ತೂಲು ತೋರಿಸಿ ದರೋಡೆ ಮಾಡಿದ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ. 2021ರ ಜನವರಿಯಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೊದ ಗುರುತು ಕಡ್ಡಾಯವಾಗಿದೆ. ಅದರ ಮುಖ್ಯ ಕಾಳಜಿ ಚೂಪು ಅಂಚು, ವಿಷಕಾರಿ ಬಣ್ಣ, ಚಿಮ್ಮುವ ವಸ್ತುವಿನ ವೇಗದಂಥ ನೇರ ಗಾಯದ ಸಂಗತಿಗಳು. ಅದೇ ವ್ಯವಸ್ಥೆಯಲ್ಲಿ ಬ್ರಿಟನ್ನಿನ ಮಾದರಿಯ ಬಣ್ಣದ ನಿಯಮವನ್ನೂ ಸೇರಿಸಲು ಹೊಸ ಕಾಯ್ದೆಯೇನೂ ಬೇಕಾಗದು.

ಮಾನಕದ ಹೊರಗೇ ಹುಟ್ಟುವ ಆಟಿಕೆಗಳೂ ಇವೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ‘ಕಾರ್ಬೈಡ್ ಗನ್’ ಎಂಬ ಕೊಳವೆಯಿಂದ ನೂರಕ್ಕೂ ಹೆಚ್ಚು ಮಂದಿ, ಅವರಲ್ಲಿ ಹೆಚ್ಚಿನವರು ಮಕ್ಕಳು, ಕಣ್ಣಿನ ಗಾಯದಿಂದ ಆಸ್ಪತ್ರೆ ಸೇರಿದರು. ಕೆಲವರು ದೃಷ್ಟಿಯನ್ನೇ ಕಳೆದುಕೊಂಡರು. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ತಾಗಿದರೆ ಅಸಿಟಿಲೀನ್ ಅನಿಲ ಹುಟ್ಟುತ್ತದೆ. ಕಿಡಿ ತಾಗಿದೊಡನೆ ಸಿಡಿಯುತ್ತದೆ. ಸಿಡಿಯಲು ತಡವಾದಾಗ ಮಗು ಮಾಡುವುದು ಒಂದೇ ಕೆಲಸ, ಕೊಳವೆಯೊಳಗೆ ಇಣುಕಿ ನೋಡುವುದು. ಅದನ್ನು ರಸ್ತೆಬದಿಯಲ್ಲಿ ಮಾರಿದವರೂ ವಯಸ್ಕರು, ಕೊಂಡುಕೊಟ್ಟವರೂ ವಯಸ್ಕರು.

ಗಿಡೊ ಕ್ಯಾಲಬ್ರೇಸಿ ಎಂಬ ನ್ಯಾಯಶಾಸ್ತ್ರಜ್ಞರು 1970ರಲ್ಲಿ ಅಪಘಾತಗಳ ವೆಚ್ಚದ ಕುರಿತು ಬರೆದ ಗ್ರಂಥದಲ್ಲಿ ಒಂದು ಸರಳ ವಿಚಾರವನ್ನು ಮಂಡಿಸಿದ್ದರು: ಅಪಘಾತವನ್ನು ಅತ್ಯಂತ ಕಡಿಮೆ ವೆಚ್ಚದಲ್ಲಿ ತಪ್ಪಿಸಬಲ್ಲವನ ಮೇಲೆಯೇ ಹೊಣೆ ಬೀಳಬೇಕು. ಐದು ವರ್ಷದ ಮಗುವಿಗೆ ವಿವೇಕ ಕಲಿಸುವ ವೆಚ್ಚವನ್ನೂ ಅಲಮಾರಿಗೆ ಬೀಗ ಹಾಕುವ ವೆಚ್ಚವನ್ನೂ ತೂಗಿ ನೋಡಿದರೆ ಹೊಣೆ ಎಲ್ಲಿ ಬೀಳಬೇಕೆಂಬುದಕ್ಕೆ ಪದವಿ ಬೇಕಾಗಿಲ್ಲ. ಅಮೆರಿಕದ ನ್ಯಾಯಾಲಯಗಳೂ ತಡವಾಗಿ ಈ ದಿಕ್ಕಿಗೆ ತಿರುಗಿವೆ. 2021ರ ನವೆಂಬರಿನಲ್ಲಿ ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಪ್ರೌಢಶಾಲೆಯಲ್ಲಿ 15 ವರ್ಷದ ಹುಡುಗ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ. ಪಿಸ್ತೂಲನ್ನು ನಾಲ್ಕು ದಿನ ಮೊದಲು ಕೊಂಡಿದ್ದು ಅವನ ತಂದೆ. 2024ರಲ್ಲಿ ತಂದೆ, ತಾಯಿ ಇಬ್ಬರೂ ನರಹತ್ಯೆಯ ಅಪರಾಧಿಗಳೆಂದು ತೀರ್ಮಾನವಾಗಿ ತಲಾ 10ರಿಂದ 15 ವರ್ಷಗಳ ಸೆರೆವಾಸಕ್ಕೆ ಗುರಿಯಾದರು. ಅದೇ ವರ್ಷ ಮಿಷಿಗನ್‌ನಲ್ಲಿ ಮಕ್ಕಳಿರುವ ಮನೆಯಲ್ಲಿ ಬಂದೂಕಿಗೆ ಬೀಗ ಕಡ್ಡಾಯವಾಯಿತು.

ನಮ್ಮಲ್ಲಿ ಪರವಾನಗಿ ಐದು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಆ ಸಂದರ್ಭದಲ್ಲಿ ಠಾಣೆಯ ಸಿಬ್ಬಂದಿ ಮನೆಗೆ ಹೋಗಿ ಕೋವಿ ಎಲ್ಲಿದೆ, ತೋಟಾ ಬೇರೆಡೆ ಇದೆಯೇ, ಬೀಗದ ಕೈ ಯಾರ ಬಳಿ ಇದೆ ಎಂಬ ಮೂರು ಸಂಗತಿಗಳನ್ನು ಕಣ್ಣಾರೆ ಕಂಡು ದಾಖಲಿಸಿದರೆ ಸಾಕು. ಮುಚ್ಚಳಿಕೆಗೆ ಜೀವ ಬರುತ್ತದೆ. ಕೊಡಗಿನ ವಿನಾಯಿತಿಗೆ ಧಕ್ಕೆ ತರದೆಯೇ ಅಲ್ಲಿಯ ಕೊಡವ ಸಮಾಜಗಳು ಈ ಕೆಲಸವನ್ನು ತಾವೇ ವಹಿಸಿಕೊಳ್ಳಬಹುದು. ಪರವಾನಗಿ ಬೇಡದ ಏರ್‌ಗನ್ ಮಾರುವಾಗ ಕುದುರೆಗೆ ಹಾಕುವ ಬೀಗವನ್ನೂ ಜೊತೆಗೆ ಕೊಡಬೇಕೆಂದು ವಿಧಿಸಬಹುದು.

ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೋ ಆರಾರು ತಿಂಗಳು ಅಮೆರಿಕದಲ್ಲಿ ಇದ್ದು ಬರುವವರು ನಮ್ಮ ಬಡಾವಣೆಗಳಲ್ಲಿ ಈಗ ಮನೆಗೊಬ್ಬರಿದ್ದಾರೆ. ಮೊಮ್ಮಗನನ್ನು ನೆರೆಯ ಗೆಳೆಯನ ಮನೆಗೆ ಆಡಲು ಕಳುಹಿಸುವ ಮೊದಲು, ನಿಮ್ಮಲ್ಲಿ ಬೀಗ ಹಾಕದ ಬಂದೂಕು ಇದೆಯೇ ಎಂದು ಕೇಳಿಕೊಳ್ಳಿ ಎಂಬುದು ಅಲ್ಲಿನ ಮಕ್ಕಳ ವೈದ್ಯರ ಸಲಹೆ. ನಮ್ಮವರಿಗೆ ಇದು ಕೇಳಲು ಸಂಕೋಚದ ಪ್ರಶ್ನೆ. ಕಡಲೆಕಾಯಿಯ ಅಲರ್ಜಿ ಇದೆಯೇ, ನಾಯಿ ಇದೆಯೇ, ಈಜುಕೊಳ ಇದೆಯೇ ಎಂದು ಕೇಳುವಷ್ಟೇ ಸಹಜವಾಗಿ ಅಲ್ಲಿ ಅದನ್ನು ಕೇಳಬಹುದು. ಬೇಸಿಗೆ ರಜೆಗೆ ಮಕ್ಕಳನ್ನು ಊರಿನ ತೋಟದ ಮನೆಗೆ ಕಳುಹಿಸುವಾಗ ಇಲ್ಲಿಯೂ ಕೇಳಬಹುದು. ದೊಡ್ಡಪ್ಪನೋ ಸೋದರಮಾವನೋ ‘ಇಷ್ಟು ವರ್ಷ ಇಲ್ಲದ್ದು ಈಗೇನು?’ ಎಂದು ಮುನಿಸಿಕೊಂಡಾರು. ಮುನಿಸಿಕೊಳ್ಳಲಿ. ಮುಂದಿನ ಹಬ್ಬಕ್ಕೆ ಹೋದಾಗ ಅಲಮಾರಿಗೆ ಬೀಗ ಬಿದ್ದಿದೆಯೇ ಎಂದು ಒಮ್ಮೆ ನೋಡಿಬಂದರಾಯಿತು.